ಸ್ವಂತ ಕಥೆ ಬರೆಯೋಕೆ ಬರಲ್ವಾ ಅವರಿಗೆ?

ಮಾಂಗಾ, ಅಂದರೆ ಜಪಾನಿನ ಕಾಮಿಕ್ಸ್ ಓದುವ ಗೆಳೆಯರ ಎದುರು ಕಥೆಗಾರ ಟೆನ್ಸೆಯ್ ಹಗಿವಾರಾ ಹೆಸರು ಎತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. "ಬೇರೆಯವರ ಪಾತ್ರ ಇಟ್ಟುಕೊಂಡೇ ಬರೀತಾರಲ್ಲ, ಸ್ವಂತದ್ದು ಏನಿದೆ?" ಇಷ್ಟು ದಿನ ನಕ್ಕು ಸುಮ್ಮನಾಗುತ್ತಿದ್ದೆ. ಇವತ್ತು ಉತ್ತರ ಬರೆದೇಬಿಡುತ್ತೇನೆ.

ನೊಬುಯುಕಿ ಫುಕುಮೊಟೊ 1996ರಲ್ಲಿ ಶುರು ಮಾಡಿದ ಮಾಂಗಾ 'ಕೈಜಿ' ಜೂಜಿನ ಕಥೆ. ಸಾಲದಲ್ಲಿ ಮುಳುಗಿದವರನ್ನು ತೇಯ್ಆಯ್ ಅನ್ನುವ ಕಂಪನಿ ಜೀವ ಹೋಗುವಂಥ ಆಟಗಳಿಗೆ ಇಳಿಸುತ್ತದೆ. ತೊನೆಗಾವಾ ಅಲ್ಲಿನ ದೊಡ್ಡ ಅಧಿಕಾರಿ. ಕಲ್ಲೆದೆಯವನು. ಕಥಾನಾಯಕ ಕೈಜಿ ಎದುರು ಇಸ್ಪೀಟಿನಲ್ಲಿ ಸೋತಾಗ ಅಧ್ಯಕ್ಷ ಹ್ಯೋದೊ ಅವನನ್ನು ಕಾದ ಕಬ್ಬಿಣದ ಹಲಗೆಯ ಮೇಲೆ ಮಂಡಿಯೂರಿ, ಹಣೆ ಹಚ್ಚಿ ಕ್ಷಮೆ ಕೇಳುವಂತೆ ಮಾಡುತ್ತಾನೆ.

ಹಗಿವಾರಾ ಅವರು 2015ರಲ್ಲಿ ಎತ್ತಿಕೊಂಡಿದ್ದು ಈ ಮನುಷ್ಯನನ್ನು. ಆ ಮಾಂಗಾ 'ತೊನೆಗಾವಾ'. ಚಿತ್ರ ತೊಮೊಹಿರೊ ಹಶಿಮೊಟೊ ಮತ್ತು ತೊಮೊಕಿ ಮಿಯೊಶಿ ಅವರದು. ತೊನೆಗಾವಾ ಇಲ್ಲಿ ಖಳ ಅಲ್ಲ, ನಡುವೆ ಸಿಕ್ಕಿಕೊಂಡ ಮ್ಯಾನೇಜರ್. ಮೇಲೆ ಯಾವಾಗ ಸಿಡುಕುತ್ತಾನೋ ಗೊತ್ತಾಗದ ಮುದುಕ ಅಧ್ಯಕ್ಷ, ಕೆಳಗೆ ಒಂದು ತಂಡ. ಮುದುಕನಿಗೆ ಬೇಜಾರಾಗಿದೆ, ಹೊಸ ಸಾವಿನಾಟ ಯೋಚಿಸಬೇಕು. ಅದಕ್ಕೊಂದು ಮೀಟಿಂಗ್. ಎಲ್ಲರದೂ ಕಪ್ಪು ಸೂಟು, ಕಪ್ಪು ಕನ್ನಡಕ. ಯಾರು ಯಾರು ಅಂತ ಗುರುತು ಹಿಡಿಯೋಕೇ ಆಗಲ್ಲ! ಹೆಸರು ನೆನಪಿಡಲು ಪಾಪ ತೊನೆಗಾವಾ ಒದ್ದಾಡುತ್ತಾನೆ.

ಚಿತ್ರ ಮಾತ್ರ ಫುಕುಮೊಟೊ ಅವರದೇ ಶೈಲಿ. ಅದೇ ಚೂಪು ಮೂಗು, ಉದ್ದ ಗದ್ದ, ಎದೆ ಢವಗುಟ್ಟುವಾಗ ಪುಟದ ತುಂಬ ಬರುವ 'ಝಾವ ಝಾವ' ಅನ್ನುವ ಅಕ್ಷರ. ಪ್ರಾಣ ಹೋಗುವ ಹೊತ್ತಿಗೆ ಇಟ್ಟಿದ್ದ ಆ ಅಕ್ಷರ ಇಲ್ಲಿ ಮೀಟಿಂಗಿಗೆ ಬಂದು ಕೂತಿದೆ. ನಗು ಹುಟ್ಟುವುದೇ ಅಲ್ಲಿ. 'ಈ ಮಾಂಗಾ ಸೂಪರ್' ಅನ್ನುವ ವಾರ್ಷಿಕ ಪಟ್ಟಿಯ 2017ರ ಆವೃತ್ತಿಯಲ್ಲಿ, ಗಂಡಸರ ವಿಭಾಗದಲ್ಲಿ ಇದು ಮೊದಲ ಸ್ಥಾನ ಪಡೆಯಿತು. 2018ರಲ್ಲಿ ಅನಿಮೆ, ಅಂದರೆ ಕಾರ್ಟೂನ್ ಸರಣಿ ಆಯಿತು.

ನನಗೆ ಜಾಸ್ತಿ ಇಷ್ಟ 'ಕೈಜಿ'ಯ ಇನ್ನೊಂದು ಪಾತ್ರದ ಮೇಲೆ ಹಗಿವಾರಾ ಬರೆದ 'ಹಂಚೊ'. ಅಂದರೆ ಮೇಸ್ತ್ರಿ. ತೇಯ್ಆಯ್ ಸಾಲಗಾರರನ್ನು ನೆಲದಡಿ ಗಣಿಯಂಥ ಜಾಗದಲ್ಲಿ ದುಡಿಸಿಕೊಳ್ಳುತ್ತದೆ. ಅಲ್ಲಿನ ದುಡ್ಡು ಪೆರಿಕಾ. 5,00,000 ಪೆರಿಕಾ ಕೊಟ್ಟರೆ ಒಂದೇ ಒಂದು ದಿನ ಹೊರಗೆ ಹೋಗಬಹುದು. ಮೇಸ್ತ್ರಿ ಒಟ್ಸುಕಿ ಮೂಲ ಕಥೆಯಲ್ಲಿ ಮೋಸದ ದಾಳ ಉರುಳಿಸಿ ಜೊತೆಗಾರರ ದುಡ್ಡು ನುಂಗುವ ನೀಚ. ಹಗಿವಾರಾ ಕೇಳಿಕೊಂಡ ಪ್ರಶ್ನೆ ಇಷ್ಟೇ: ಆ ದುಡ್ಡಲ್ಲಿ ಹೊರಗೆ ಹೋದ ದಿನ ಇವನು ಏನು ಮಾಡ್ತಾನೆ?

ತಿನ್ನುತ್ತಾನೆ! ಸೂಟು ಹಾಕಿಕೊಂಡು ಮಧ್ಯಾಹ್ನ ನಿಂತೇ ತಿನ್ನುವ ಸೊಬಾ ಅಂಗಡಿಗೆ ಹೋಗುತ್ತಾನೆ. ಸುತ್ತ ಆಫೀಸಿನವರು ಗಡಿಬಿಡಿಯಲ್ಲಿ ನೂಡಲ್ಸ್ ಎಳೆಯುತ್ತಿದ್ದರೆ ಇವನು ಬಿಯರ್ ಹಿಡಿದು ನಿಧಾನ ಮಾಡುತ್ತಾನೆ. ಅವರ ಹೊಟ್ಟೆಕಿಚ್ಚೇ ಇವನಿಗೆ ನಂಚಿಕೊಳ್ಳಲು. ಕಾವಲಿಗೆ ಬಂದ ಕಪ್ಪು ಸೂಟಿನ ಮಿಯಮೊಟೊ ನಿಧಾನಕ್ಕೆ ಗೆಳೆಯನಾಗಿಬಿಡುತ್ತಾನೆ. ಫುಕುಮೊಟೊ ಹೇಳದೆ ಬಿಟ್ಟ ಜಾಗ ಅದು. ಹಗಿವಾರಾ ಅಲ್ಲಿ ಮನೆ ಕಟ್ಟಿದರು.

ಆಮೇಲೆ 2021ರಲ್ಲಿ 'ಇಚಿಜೊ' ಬಂತು. ಇದೂ ಹಗಿವಾರಾ ಅವರದೇ, 'ಕೈಜಿ'ಯಲ್ಲಿ ಬರುವ ಕ್ಯಾಸಿನೊ ಮ್ಯಾನೇಜರ್ ಒಬ್ಬನ ಬಡ ಯೌವನದ ಕಥೆ. ಚೆನ್ನಾಗಿದೆ, ಆದರೆ ಹಂಚೊ ಮುಂದೆ ಸ್ವಲ್ಪ ಸಪ್ಪೆ.

ಹಾಗಾದರೆ ಸ್ವಂತದ್ದು ಏನು? ಪಾತ್ರ ಫುಕುಮೊಟೊ ಅವರದು, ಒಪ್ಪಿದೆ. ಆದರೆ ತೊನೆಗಾವಾಗೆ ಬೆವರು ಬರಿಸಿದ್ದು, ಒಟ್ಸುಕಿಗೆ ಹಸಿವು ಕೊಟ್ಟಿದ್ದು ಹಗಿವಾರಾ. ಅದನ್ನು ಸ್ವಂತದ್ದು ಅನ್ನದೆ ಇನ್ನೇನು ಅನ್ನೋದು?

ಮೊದಲು ಯಾವುದು ಓದಬೇಕು ಅಂತಲೂ ಕೇಳುತ್ತಾರೆ. 'ಕೈಜಿ'ಯನ್ನೇ, ಕನಿಷ್ಠ ಆ ಕಬ್ಬಿಣದ ಹಲಗೆಯ ತನಕ. ಆಮೇಲೆ 'ತೊನೆಗಾವಾ'. ಅದು ಮುಗಿದ ಮೇಲೆ ಹಲಗೆಯ ಪುಟಗಳನ್ನು ಇನ್ನೊಮ್ಮೆ ತೆಗೆಯಿರಿ. ಮೊದಲ ಸಲ ನಾನು ಕೈಜಿ ಗೆದ್ದ ಅಂತ ಕುಣಿದಿದ್ದೆ. ಎರಡನೇ ಸಲ ಆ ಮೀಟಿಂಗ್ ನೆನಪಾಗಿ ಪುಟ ತಿರುವಲು ಕೈ ಬರಲಿಲ್ಲ.