ಚೀಲದ ಹಿಂಬದಿ

ಜೂನ್ ಮೊದಲ ವಾರ ಕುಶಾಲನಗರಕ್ಕೆ ಹೋದವನು 20 ಕೆಜಿಯ ಡಾಗ್ ಫುಡ್ ಚೀಲ ಹೊತ್ತು ತಂದೆ. ದೊಡ್ಡ ಚೀಲ ತಗೊಂಡರೆ ಕೆಜಿಗೆ ಅಗ್ಗ ಬೀಳುತ್ತೆ, ಮಳೆಯಲ್ಲಿ ಮತ್ತೆ ಪೇಟೆಗೆ ಇಳಿಯೋದೂ ತಪ್ಪುತ್ತೆ ಅಂತ ಲೆಕ್ಕ.

ನಮ್ಮದು ಕೊಡಗಿನ ಮಾದಾಪುರದ ಕಡೆ. ಜುಲೈ ಬಂತು ಅಂದರೆ ಇಲ್ಲಿ ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಒಂದು ದಿನ ಟೈಗರ್ ಬಟ್ಟಲು ಮೂಸಿ ಮುಖ ತಿರುಗಿಸಿದ. (ಹೆಸರು ಮಾತ್ರ ಟೈಗರ್, ಗುಡುಗಿದರೆ ಮಂಚದ ಅಡಿ.) ಚೀಲಕ್ಕೆ ಕೈ ಹಾಕಿದೆ. ಕಟುಂ ಅನ್ನಬೇಕಾದ ಕಾಳು ಬೆರಳಲ್ಲಿ ಮೆತ್ತಗೆ ನುರಿಯಿತು. ತಳದಲ್ಲಿ ಹಸಿರು ಬೂಷ್ಟು.

"ಬಿಸಿಲಿಗೆ ಹಾಕು" ಅಂದರು ಅವ್ವ. ಜುಲೈನಲ್ಲಿ ಬಿಸಿಲು ಎಲ್ಲಿಂದ ತರಲಿ? ಒಣಗಿಸಿದರೂ ಪ್ರಯೋಜನ ಇರಲಿಲ್ಲ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಒಣಗಿಸಿದ ಮಾತ್ರಕ್ಕೆ ಹೋಗುವುದಿಲ್ಲ, ನಾಯಿಯ ಲಿವರ್ ಕೆಡಿಸುತ್ತದೆ. ಉಳಿದಿದ್ದ 12 ಕೆಜಿಯನ್ನೂ ಗುಂಡಿ ತೋಡಿ ಮುಚ್ಚಿದೆ.

ಖಾಲಿ ಚೀಲ ಮಡಚುವಾಗಲೇ ಮೊದಲ ಸಲ ಅದರ ಹಿಂಬದಿ ಓದಿದ್ದು. ಮುಂದೆ ಬಣ್ಣದ ಕೋಳಿ. ಹಿಂದೆ ಪಟ್ಟಿಯಲ್ಲಿ ಮೊದಲು ಜೋಳ, ಆಮೇಲೆ ಅಕ್ಕಿ, ಕೋಳಿಗೆ ನಾಲ್ಕನೇ ಜಾಗ. ಆ ಪಟ್ಟಿ ತೂಕದ ಪ್ರಕಾರ ಇರುತ್ತದೆ, ಜಾಸ್ತಿ ಇರೋದು ಮೊದಲು. ಪ್ರೋಟೀನ್ 18%, ತೇವಾಂಶ 10%. ನೀರು ಕಳೆದರೆ ಉಳಿದ 90ರಲ್ಲಿ 18, ಅಂದರೆ ಪ್ರೋಟೀನ್ 20% ಆಯಿತು. ಪ್ರಾಣಿಗಳ ಆಹಾರಕ್ಕೆ ಮಾನದಂಡ ಹೇಳುವ ಅಮೆರಿಕದ ಆಫ್ಕೊ (AAFCO) ಸಂಸ್ಥೆಯ ಅಳತೆಯಲ್ಲಿ, ನೀರು ಬಿಟ್ಟು, ಬೆಳೆದ ನಾಯಿಗೆ ಕನಿಷ್ಠ 18% ಸಾಕು. ಬೆಳೆಯುವ ಮರಿಗೆ 22.5% ಬೇಕು. ಟೈಗರ್‌ಗೆ ಆಗ ಏಳೇ ತಿಂಗಳು.

ನಾಚಿಕೆಯಾಗಿದ್ದು ಬೇರೆ ಕಾರಣಕ್ಕೆ. ಕಾಫಿ ಮಾರುವಾಗ ಮಾಯಿಶ್ಚರ್ ಅರ್ಧ ಪರ್ಸೆಂಟ್ ಹೆಚ್ಚಾಯಿತು ಅಂದರೆ ವ್ಯಾಪಾರಿ ಜೊತೆ ಜಗಳಕ್ಕೆ ನಿಲ್ಲುವವನು ನಾನು. ಇಲ್ಲಿ ಕೋಳಿ ಚಿತ್ರ ನೋಡಿ ಸುಮ್ನೆ ದುಡ್ಡು ಕೊಟ್ಟು ಬಂದಿದ್ದೆ. ಡಬ್ಬಿಯ ವೆಟ್ ಫುಡ್ಡಿಗೂ ಇದೇ ಲೆಕ್ಕ. ಬರೀ 8% ಪ್ರೋಟೀನ್ ಅಂತ ಮೂಗು ಮುರಿಯುತ್ತಿದ್ದೆ. ಅದರಲ್ಲಿ 80% ನೀರು ಇದ್ದರೆ, ಒಣ ಲೆಕ್ಕಕ್ಕೆ 40% ಆಯಿತಲ್ವಾ!

ಈಗ 3 ಕೆಜಿಯದು, ಮರಿಗೆ ಅಂತಲೇ ಬರೆದಿರುವುದು ತರುತ್ತೇನೆ. ಹಳೆಯದರ ಜೊತೆ ಬೆರೆಸಿ ಒಂದು ವಾರದಲ್ಲಿ ಬದಲಾಯಿಸಿದರೆ ಹೊಟ್ಟೆ ಕೆಡುವುದಿಲ್ಲ ಅನ್ನುತ್ತಾರೆ. ಬೆರೆಸೋಕೆ ನನ್ನ ಹತ್ತಿರ ಹಳೆಯದೇ ಇರಲಿಲ್ಲ. ಎರಡು ದಿನ ಅಂಗಳವೆಲ್ಲ ತೊಳೆದೆ. ಚೀಲದ ಬಾಯಿ ಮಡಚಿ, ಚೀಲ ಸಮೇತ ಸ್ಟೀಲ್ ಡ್ರಮ್ಮಿನಲ್ಲಿಟ್ಟು, ಡ್ರಮ್ಮನ್ನು ಒಲೆಯ ಪಕ್ಕ ಇಟ್ಟಿದ್ದೇವೆ.

ಪಂದಿ ಕರಿಯಲ್ಲಿ (ಹಂದಿ ಮಾಂಸದ ಸಾರು) ಈರುಳ್ಳಿ, ಬೆಳ್ಳುಳ್ಳಿ ಇರುತ್ತದೆ, ನಾಯಿಗೆ ಅದು ವಿಷ ಅಂತ ಅವ್ವನಿಗೆ ಹೇಳಿದ್ದೇನೆ. ಅವರು ಒಪ್ಪಿದರು. ಈಗ ಮಸಾಲೆ ಹಾಕುವ ಮೊದಲೇ ಬೆಂದ ಎರಡು ತುಂಡು ಪಕ್ಕಕ್ಕೆ ತೆಗೆದಿಡುತ್ತಾರೆ. ಅದು ಎಷ್ಟು ಪರ್ಸೆಂಟ್ ಅಂತ ನಾನು ಕೇಳಲು ಹೋಗಿಲ್ಲ.