ಊಟದ ಮೇಜಿನ ಮೇಲೆ ಡೈಪರ್

ಮಧ್ಯಾಹ್ನ ವಿಜಯಪುರದ ಒಂದು ಖಾನಾವಳಿಯಲ್ಲಿ ಎಣ್ಣೆಗಾಯಿಗೆ ರೊಟ್ಟಿ ಮುರಿಯುತ್ತಿದ್ದೆ. ಪಕ್ಕದ ಮೇಜಿನ ಮೇಲೆ ಒಂದು ಕೂಸು. ಡೈಪರ್ ಬದಲಾಗುತ್ತಿತ್ತು!

ಎದುರಿಗಿದ್ದ ಹಿರಿಯರು ತಾಟು ಹಿಡಿದುಕೊಂಡು ಎದ್ದೇ ಹೋದರು.

ನನಗೂ ಸಿಟ್ಟು ಬಂತು, ಸುಳ್ಳೇಕೆ. ಜನ ಉಣ್ಣುವ ಜಾಗ ಅದು. ಕೂಸಿನದು ಎಂದ ಮಾತ್ರಕ್ಕೆ ಗಂಧವಾಗುವುದಿಲ್ಲ.

ಆದರೆ ಆ ತಾಯಿ ಹೋಗಬೇಕಿದ್ದುದಾದರೂ ಎಲ್ಲಿಗೆ? ಕೈ ತೊಳೆಯಲು ಹೋದಾಗ ಶೌಚಾಲಯಕ್ಕೆ ಇಣುಕಿದೆ. ನೆಲವೆಲ್ಲ ನೀರು. ಕೂಸನ್ನು ಮಲಗಿಸಲು ಒಂದು ಹಲಗೆಯಿಲ್ಲ, ಚೀಲ ತೂಗುಹಾಕಲು ಒಂದು ಮೊಳೆಯೂ ಇಲ್ಲ. (ಕೂಸಿನ ಅಪ್ಪ ಅಲ್ಲೇ ಕುಳಿತು ಮೊಬೈಲ್ ನೋಡುತ್ತಿದ್ದ. ಅವನ ವಿಷಯ ಬಿಡಿ.)

ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಬಂದರು. ಬೈಯಲಿಲ್ಲ. "ಒಳಗೆ ಬಾ ತಂಗಿ" ಎಂದು ಕರೆದೊಯ್ದು, ಜೋಳದ ಚೀಲಗಳ ನಡುವೆ ಹಳೆಯ ಕೌದಿಯೊಂದನ್ನು ಹಾಸಿಕೊಟ್ಟರು. ಹುಡುಗನನ್ನು ಕರೆದು ಮೇಜನ್ನು ಸೋಪಿನ ನೀರಿನಿಂದ ಒರೆಸಿಸಿದರು.

ಇನ್ನು ಬಳಸಿದ ಡೈಪರ್. ತಾಯಿ ಅದನ್ನು ಸುರುಳಿ ಸುತ್ತಿ, ಅದರದೇ ಅಂಟುಪಟ್ಟಿಯಿಂದ ಬಿಗಿದು, ಪತ್ರಿಕೆಯ ಹಾಳೆಯಲ್ಲಿ ಕಟ್ಟಿದರು. ಸರಿಯಾದ ಕ್ರಮವೇ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಹೀಗೆ ಸುತ್ತಿ ಒಣಕಸದ ಡಬ್ಬಿಗೆ ಹಾಕಿ ಎಂದಿದ್ದವು. ಅಲ್ಲಿ ಇದ್ದದ್ದು ಮುಸುರೆಯ ಬಕೆಟ್ ಒಂದೇ.

"ಅದರಲ್ಲಿ ಬೇಡವ್ವ, ಅದು ಎಮ್ಮೆಗೆ ಹೋಗುತ್ತದೆ" ಎಂದರು ಅಕ್ಕ.

ತಾಯಿ ಒಂದು ಕ್ಷಣ ಯೋಚಿಸಿದರು. ಆಮೇಲೆ ಪೊಟ್ಟಣವನ್ನು ಒಯ್ದು ಮೊಬೈಲ್ ನೋಡುತ್ತಿದ್ದವನ ಕೈಗೆ ಕೊಟ್ಟರು.