ಮೊದಲು ಮನೆಯವರಿಗೆ

ಮಾರ್ಚ್ 20, 2025, ಗುರುವಾರ ರಾತ್ರಿ

ಇವತ್ತಿಗೆ ಏಳು ವರ್ಷ. ಇರಾಕಿನ ಮೋಸುಲ್‌ನಲ್ಲಿ ಐಸಿಸ್ ಉಗ್ರರು ಹಿಡಿದಿದ್ದ 39 ಭಾರತೀಯ ಕಾರ್ಮಿಕರಲ್ಲಿ ಯಾರೂ ಬದುಕಿಲ್ಲವೆಂದು ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ರಾಜ್ಯಸಭೆಯಲ್ಲಿ ಹೇಳಿದ ದಿನ. ಎಷ್ಟೋ ಮನೆಗಳಿಗೆ ಅದು ಗೊತ್ತಾಗಿದ್ದು ಟೀವಿಯಿಂದ. ಸದನಕ್ಕೆ ಮೊದಲು ತಿಳಿಸುವುದು ತನ್ನ ಕರ್ತವ್ಯ ಅಂದರು ಸಚಿವೆ. ಇವತ್ತಿಗೂ ಒಪ್ಪಲಾಗುತ್ತಿಲ್ಲ. ಶವಗಳ ಗುರುತಿಗೆ, ಡಿಎನ್‌ಎ ಹೋಲಿಕೆಗೆ ರಕ್ತ ಕೊಟ್ಟವರೇ ಆ ಮನೆಯವರು; ವಿಳಾಸಗಳೆಲ್ಲ ಸರ್ಕಾರದ ಬಳಿ ಇದ್ದವು. ಪಂಜಾಬ್ 27, ಬಿಹಾರ 6, ಹಿಮಾಚಲ 4, ಬಂಗಾಳ 2. ಬೆಳಿಗ್ಗೆ ಆಯಾ ಜಿಲ್ಲಾಧಿಕಾರಿಯನ್ನು ಮನೆಗೆ ಕಳಿಸಿ, ಆಮೇಲೆ ಸದನದಲ್ಲಿ ಹೇಳಬಹುದಿತ್ತು.

ಅದಕ್ಕಿಂತ ಕಷ್ಟದ್ದು ನಡುವಿನ ಕಾಲ. 2014ರ ಜೂನ್‌ನಲ್ಲಿ ಅಪಹರಣ. ತಪ್ಪಿಸಿಕೊಂಡು ಬಂದ ಒಬ್ಬ, ಎಲ್ಲರನ್ನೂ ಗುಂಡಿಟ್ಟು ಕೊಂದರು ಅಂದ. ಸರ್ಕಾರ ನಂಬಲಿಲ್ಲ. ಪುರಾವೆಯಿಲ್ಲದೆ ಸತ್ತರೆನ್ನುವುದು ಪಾಪ ಎಂಬ ಸಚಿವೆಯ ಮಾತು ನನಗೆ ಅರ್ಥವಾಗುತ್ತದೆ. ಆದರೆ ಬದುಕಿದ್ದಾರೆ ಎಂಬ ಸುದ್ದಿಯನ್ನು ಮನೆಯವರಿಗೆ ದಾಟಿಸುವಾಗ ಅದು ಯಾವ ತಿಂಗಳದ್ದು, ಕಣ್ಣಾರೆ ಕಂಡವರದೋ ಕೇಳಿದವರದೋ ಅನ್ನುವುದನ್ನೂ ಹೇಳಬೇಕು. ಇಲ್ಲದಿದ್ದರೆ ಹಳೆಯ ಗಾಳಿಮಾತೇ ವರ್ಷಗಟ್ಟಲೆ ಆಸೆಯಾಗಿ ಉಳಿಯುತ್ತದೆ.

ರಕ್ತದ ಮಾದರಿಯನ್ನೂ ಬೇಗ ತೆಗೆದಿಡಬೇಕು. ತಂದೆತಾಯಿಯರದ್ದು ಸಿಕ್ಕರೆ ಹೋಲಿಕೆ ಗಟ್ಟಿ. 39ನೆಯವನಿಗೆ ತಂದೆತಾಯಿ ಇರಲಿಲ್ಲ. ಹತ್ತಿರದ ಸಂಬಂಧಿಕರ ಮಾದರಿಯೊಂದಿಗೆ ಶೇಕಡಾ 70ರಷ್ಟು ಮಾತ್ರ ಹೊಂದಿತು.

ಒತ್ತೆಯಾಳುಗಳ ಮನೆಯವರ ಜೊತೆ ಸರ್ಕಾರ ಹೇಗೆ ನಡೆದುಕೊಳ್ಳಬೇಕೆಂಬುದು ಅಮೆರಿಕಕ್ಕೂ ತಾನಾಗಿ ಹೊಳೆದದ್ದಲ್ಲ. ಒತ್ತೆಹಣ ಕೂಡಿಸಿದರೆ ಮೊಕದ್ದಮೆ ಹಾಕುತ್ತೇವೆಂದು ಅಧಿಕಾರಿಗಳು ತಮ್ಮನ್ನು ಬೆದರಿಸಿದ್ದರು ಅಂತ, 2014ರಲ್ಲಿ ಐಸಿಸ್ ಕೈಯಲ್ಲಿ ಪತ್ರಕರ್ತ ಮಗ ಜೇಮ್ಸ್‌ನನ್ನು ಕಳೆದುಕೊಂಡ ಡಯಾನ್ ಫೋಲಿ ಬಹಿರಂಗವಾಗಿ ಹೇಳಿದರು. 2015ರ ಜೂನ್‌ನಲ್ಲಿ ಒಬಾಮಾ ನೀತಿ ಬದಲಿಸಿದರು. ಅಪಹರಣಕಾರರಿಗೆ ಸರ್ಕಾರ ಮಣಿಯುವುದಿಲ್ಲ, ಆದರೆ ಮಾತುಕತೆಗೆ ಅಡ್ಡಿಯಿಲ್ಲ. ಕುಟುಂಬದವರಿಗೆ ಮೊಕದ್ದಮೆಯ ಭಯ ಬೇಡ. ಎಲ್ಲ ಇಲಾಖೆಗಳವರೂ ಕೂರುವ ಒಂದು ಘಟಕ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐ ಕಚೇರಿಯಲ್ಲಿ ಶುರುವಾಯಿತು. ಅದರಲ್ಲಿ ಕುಟುಂಬಗಳ ಸಂಪರ್ಕಕ್ಕೇ ಒಬ್ಬ ಅಧಿಕಾರಿ. ನಮಗೆ ಬೇಕಿರುವುದು ಈ ಕೊನೆಯದು. ಅದಕ್ಕೆ ಹೊಸ ಕಾನೂನು ಬೇಡ, ವಿದೇಶಾಂಗ ಸಚಿವಾಲಯದ ಒಂದು ಆದೇಶ ಸಾಕು.

2015ರ ಜುಲೈ ಕೊನೆಯಲ್ಲಿ ಲಿಬಿಯಾದ ಸಿರ್ತ್ ಬಳಿ ನಾಲ್ವರು ಭಾರತೀಯರ ಅಪಹರಣವಾದಾಗ ನಮ್ಮ ಕರ್ನಾಟಕದ ಇಬ್ಬರು ಎರಡೇ ದಿನದಲ್ಲಿ ಬಿಡುಗಡೆಯಾದರು. ಉಳಿದಿಬ್ಬರು ಬಿಡುಗಡೆಯಾಗಿದ್ದು 2016ರ ಸೆಪ್ಟೆಂಬರ್‌ನಲ್ಲಿ. ಅಷ್ಟು ದೀರ್ಘ ಕಾಲ ಒಬ್ಬರೇ ಅಧಿಕಾರಿ ಆ ಮನೆಗಳ ಜೊತೆ ಇರಬೇಕು ಅಂದರೆ ವರ್ಗಾವಣೆಯ ಪ್ರಶ್ನೆ ಬರುತ್ತದೆ. ಹೊಸಬರಿಗೆ ಕಡತ ಒಪ್ಪಿಸುವಾಗ ಮನೆಯವರಿಗೆ ಈವರೆಗೆ ಏನೇನು ಹೇಳಿದೆ, ಏನು ಹೇಳಿಲ್ಲ ಅಂತ ಬರೆದಿಟ್ಟ ಒಂದು ಹಾಳೆಯಾದರೂ ಇರಬೇಕು.